ಮೂರು ಚಮಚ ಅಗಸೆ

ಮಾಂಬಳ್ಳಿಯಲ್ಲಿರುವ ನನ್ನ ಸೋದರಮಾವನನ್ನು ಊರಿನವರು ಯಮನ ಏಜೆಂಟ್ ಎಂದರೆ ನಾನು ಜಗಳಕ್ಕೆ ಹೋಗುವುದಿಲ್ಲ. ಯಾಕೆ ಹೋಗಲಿ? ಹದಿನೈದು ದಿನ ನಾನೂ ಹಾಗೆಯೇ ನಂಬಿದ್ದೆನಲ್ಲ!

ಶುರುವಾಗಿದ್ದು ಅಗಸೆ ಬೀಜದಿಂದ. ರಕ್ತದಲ್ಲಿ ಕೊಬ್ಬು ಜಾಸ್ತಿಯಿದೆ, ದಿನಾ ಒಂದು ಚಮಚ ಅಗಸೆ ಪುಡಿ ತಿನ್ನಿ ಎಂದು ಡಾಕ್ಟರು ಹೇಳಿದ್ದೇ ತಡ, ಮಾವ ಅದನ್ನು ಹುರಿದು ಪುಡಿಮಾಡಿ ಮುದ್ದೆಗೆ ಕಲಸಿದರು, ಉಪ್ಸಾರಿಗೆ ಉದುರಿಸಿದರು, ಕೊನೆಗೆ ಕಾಫಿಗೂ ಹಾಕಿದರು. ಲೋಳೆಯಾದ ಕಾಫಿ ಲೋಟದಿಂದ ಇಳಿಯಲೊಲ್ಲದು! ಅತ್ತೆ ಕೈಮುಗಿದರು. ಮೂರು ತಿಂಗಳಲ್ಲಿ ಕೊಬ್ಬು ಇಳಿಯಿತು, ಉತ್ಸಾಹ ಏರಿತು. ಪುಡಿಯ ಸ್ಟೀಲ್ ಡಬ್ಬಿ ಹಿಡಿದು ಮಾವ ಮನೆಮನೆಗೆ ಹೊರಟರು.

ಸಿಕ್ಕವರನ್ನು ಬಿಸಿಲಿಗೆ ನಿಲ್ಲಿಸಿ, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ ಡೋಸ್ ಹೇಳುವುದು ಅವರ ಕ್ರಮ. ಎಲ್ಲರಿಗೂ ಒಂದೇ ಚಮಚ. ಪಕ್ಕದ ಮನೆಯ ಮೇಷ್ಟ್ರ ಕಣ್ಣನ್ನು ಮಾತ್ರ ಬಹಳ ಹೊತ್ತು ನೋಡಿದರು.

“ಮೂರು ಚಮ್ಚ ತಿನ್ನಿ ಮೇಷ್ಟ್ರೆ.”

“ಗಟ್ಟಿಮುಟ್ಟಾಗಿವ್ನಿ ಕಣಯ್ಯ!”

“ಅದ್ಕೇ ಅಂತಿರದು.”

ಎಂಟನೇ ದಿನ ಮೇಷ್ಟ್ರು ಜಗುಲಿಯಲ್ಲಿ ಪೇಪರ್ ಓದುತ್ತ ಕುಳಿತಲ್ಲೇ ಹೋದರು. ಹಿಡಿದ ಕೈ ಹಿಡಿದಂತೆಯೇ ಇತ್ತು, ಪುಟಗಳು ತಾವಾಗಿ ಮಗುಚುತ್ತಿದ್ದವು.

ಕಾಕತಾಳೀಯ ಅನ್ನೋಣ. ಆಮೇಲೆ ಹಿಟ್ಟಿನ ಮಿಲ್ಲಿನವನಿಗೂ ಮೂರು ಚಮಚ ಹೇಳಿದರು. ಅದೇ ವಾರ ಅವನು ಮಿಲ್ಲಿನ ಬಾಗಿಲಲ್ಲಿ ಕುಸಿದ. ಕೂಗಿ ಕರೆದರೂ ಏಳಲಿಲ್ಲ, ಒಳಗೆ ಬೆಲ್ಟ್ ಮಾತ್ರ ಸುತ್ತುತ್ತಲೇ ಇತ್ತಂತೆ.

ಅಲ್ಲಿಂದ ಮಾವ ಬೀದಿಗಿಳಿದರೆ ಹಾಡಹಗಲೇ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಳ್ಳತೊಡಗಿದವು. ಬೀದಿಯಲ್ಲೆಲ್ಲ ಡಬ್ಬಿಯೊಳಗಿನ ಚಮಚದ ಟಣ್ ಟಣ್ ಸದ್ದೊಂದೇ. ಬಸ್ಸಿನ ಕಂಡಕ್ಟರ್ ಕೂಡ ಕಣ್ಣು ಮುಚ್ಚಿಕೊಂಡೇ ಅವರಿಗೆ ಟಿಕೆಟ್ ಕೊಡುತ್ತಿದ್ದ!

ಹೀಗಿರುವಾಗ ಅವರು ಕೊಳ್ಳೇಗಾಲದ ನನ್ನ ಮನೆಗೆ ಬಂದರು. ಹೆಂಡತಿ ಅಡುಗೆಮನೆ ಸೇರಿ ಚಿಲಕ ಹಾಕಿಕೊಂಡಳು. ನಾನು ಎಲ್ಲಿ ಅಡಗಲಿ? ಮಾವ ನನ್ನನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ ರೆಪ್ಪೆ ಎಳೆದರು. ಬೆರಳು ತಣ್ಣಗಿತ್ತು. ನೋಡಿದರು, ನೋಡುತ್ತಲೇ ಇದ್ದರು. ತುಟಿ ಅಲುಗಿತು. ಥಟ್ಟನೆ ಡಬ್ಬಿಯ ಮುಚ್ಚಳ ಬಿಗಿದರು.

“ನಿಂಗೆ ಬ್ಯಾಡ ಕಣ್ಲಾ ಅಳಿಯ.”

ಊಟಕ್ಕೂ ನಿಲ್ಲದೆ ಹೊರಟೇಹೋದರು. ಮೂರು ಚಮಚದವರಿಗೇ ಒಂದು ವಾರವಾದರೆ, ಚಮಚವೇ ಇಲ್ಲದವನಿಗೆ? ಕನ್ನಡಿಯ ಮುಂದೆ ನಿಂತು ನನ್ನ ರೆಪ್ಪೆ ನಾನೇ ಎಳೆದೆ. ಒಳಗಿನಿಂದ ಯಾರೋ ನನ್ನನ್ನು ನೋಡುತ್ತಿರುವಂತೆ ಕಂಡಿತು. ಇಸಿಜಿ ಮಾಡಿಸಿದೆ.

“ಏನೂ ಇಲ್ವಲ್ಲ, ಯಾಕೆ ಬಂದ್ರಿ?” ಎಂದರು ಡಾಕ್ಟರು. ಅಗಸೆ ಬೇಡ ಅಂದರು, ಅದಕ್ಕೆ ಬಂದೆ ಎನ್ನಲಾದೀತೇ!

ಹದಿನೈದನೇ ದಿನ ತಡೆಯಲಾರದೆ ಮಾಂಬಳ್ಳಿಗೆ ಹೋದೆ. ಮಾವ ಇಳಿದುಹೋಗಿದ್ದರು.

“ನಿಮ್ಮನೆಯಿಂದ ಬಂದಾಗಿಂದ ಇಂಗೇ ಕಣಪ್ಪ. ಡಾಕ್ಟ್ರು ಯೋಳಿದ್ ಒಂದ್ ಚಮ್ಚ ಅಲ್ದೆ ದಿನಾ ಇನ್ನೂ ಮೂರು ತಿಂತಾವ್ರೆ. ಯಾಕೆ ಅಂದ್ರೆ ಡಬ್ಬಿ ಎತ್ಕೊಂಡು ಎದ್ದೋಯ್ತಾರೆ,” ಎಂದರು ಅತ್ತೆ.

ನಾನು ಎದುರಿಗೆ ಕೂತೆ. ಮಾವ ನೆಲ ನೋಡುತ್ತ ಹೇಳಿದರು:

“ಅವತ್ತು ಮೂರು ಅಂತ ಬಾಯಿಗೆ ಬಂದ್ಬುಡ್ತು ಕಣ್ಲಾ. ಆಚೆ ಬಿಡದಂಗೆ ನುಂಗ್ಬುಟ್ಟೆ. ಆ ಮೂರ್ನೂ ನಾನೇ ತಿಂದು ಮುಗಿಸ್ಬುಡನ ಅಂತ. ಬಂದ್ರೆ ನನ್ ಮೇಲೇ ಬರ್ಲಿ.”

ಡಬ್ಬಿ ಕಿತ್ತುಕೊಂಡು ಒಂದೂವರೆ ಚಮಚ ನನ್ನ ಬಾಯಿಗೆ ಸುರಿದುಕೊಂಡೆ, ಒಂದೂವರೆ ಅವರ ಅಂಗೈಗೆ ಹಾಕಿದೆ. ಒಣ ಪುಡಿ, ನೆತ್ತಿಗೆ ಹತ್ತಿ ಇಬ್ಬರಿಗೂ ಕೆಮ್ಮು, ಕಣ್ಣಲ್ಲಿ ನೀರು. ಅತ್ತೆ ಓಡಿ ಬಂದು ಚೊಂಬು ಕೊಟ್ಟರು. ಕೆಮ್ಮುತ್ತಲೇ ಮಾವ ಅದನ್ನು ಮೊದಲು ನನ್ನ ಬಾಯಿಗೆ ಹಿಡಿದರು, ಇನ್ನೊಂದು ಕೈಯಲ್ಲಿ ನನ್ನ ನೆತ್ತಿ ತಟ್ಟುತ್ತಿದ್ದರು.