ವೆಬ್‌ಸೈಟಿನಲ್ಲಿ ಕಾಣದ ಅತ್ತೆ

ನಮ್ಮ ಸೋದರತ್ತೆಗೆ ಕ್ಯಾನ್ಸರ್ ಎಂಬ ಸುದ್ದಿ ಆಕೆಯ ಗಂಡನಿಗಿಂತ ಮೊದಲು ನವಲಗುಂದ ಬಸ್ಸಿನ ಕಂಡಕ್ಟರನಿಗೆ ತಿಳಿಯಿತು! ಆ ರೋಗದ ಹೆಸರೆತ್ತದೆ ‘ಆ ಬ್ಯಾನಿ’ ಎಂದು ಪಿಸುಗುಡುವ ಊರು ನಮ್ಮ ಶಲವಡಿ. ಈಕೆಯೋ, ಹುಬ್ಬಳ್ಳಿಯಿಂದ ಮರಳುವಾಗ ಹಿಂದಿನ ಸೀಟಿಗೂ ಕೇಳುವಂತೆ ಸಾರಿದಳು. ಪಾಪ, ಯಾರೋ ಎದ್ದು ಜಾಗ ಬಿಟ್ಟರೆ, “ಜಾಗಾ ಯಾರ್ ಕೇಳ್ಯಾರೋ? ಸುದ್ದಿ ಹೇಳಿದೆ!” ಎಂದು ಗದರಿಸಿ ಅದೇ ಜಾಗದಲ್ಲಿ ಕುಳಿತಳು.

ಹಳೆಯ ಔಷಧ ನಾಟದಿದ್ದಾಗ ಡಾಕ್ಟರು, ಹೊಸ ಔಷಧದ ಪ್ರಯೋಗಕ್ಕೆ ಸೇರುತ್ತೀರಾ ಎಂದರು. ಅತ್ತೆಯ ಪ್ರಶ್ನೆ ಒಂದೇ: “ನನ್ನಂಥಾಕಿ ಯಾರರ ಸೇರ್ಯಾರೇನ್ರಿ?”

“ಅದೆಲ್ಲಾ ಇಂಥಾ ಪ್ರಯೋಗದ ವಿವರ ಹಾಕೂ ವೆಬ್‌ಸೈಟಿನ್ಯಾಗ ಐತ್ರಿ. ಎಲ್ಲಾರೂ ನೋಡಬಹುದು.”

ಅತ್ತೆಯ ಜೊತೆ ಹೋಗಿದ್ದ ನಾನು ಅಲ್ಲೇ ನೋಡಿದೆ, ನನ್ನದೇ ಮೊಬೈಲಿನಲ್ಲಿ. ಆಹಾ! ಕಂಡುಹಿಡಿದವನೂ ತಡವರಿಸದೆ ಹೇಳಲಾರದ ಔಷಧದ ಹೆಸರಿತ್ತು, ಕಂಪನಿಯ ವಿಳಾಸವಿತ್ತು. ಎಷ್ಟು ಮಂದಿ ಸೇರಿದ್ದಾರೆ, ಹೆಂಗಸರೆಷ್ಟು, ವಯಸ್ಸಾದವರೆಷ್ಟು ಎಂಬಲ್ಲಿ ಮಾತ್ರ ಖಾಲಿ! ಬೋರ್ಡು ಹಾಕಿ ಬಾಗಿಲು ಮುಚ್ಚಿಕೊಂಡರೆ ಅದನ್ನು ಅಂಗಡಿ ಅನ್ನುತ್ತಾರೆಯೇ?

“ರೋಗಿಗಳ ಹೆಸರು ಗುಟ್ಟಾಗಿ ಇಡಬೇಕ್ರಿ ಅಮ್ಮಾರ” ಎಂದರು ಡಾಕ್ಟರು, ಬೆವರೊರೆಸಿಕೊಂಡು.

ಅತ್ತೆ ಹರಿಹಾಯ್ದಳು. “ಹೆಸರು ಯಾರಿಗೆ ಬೇಕಾಗೇತ್ರಿ? ನಮ್ಮೂರ ಮಠಕ್ಕ ಒಂದ್ ಫ್ಯಾನ್ ಕೊಟ್ಟಾಂವ ಮೂರೂ ರೆಕ್ಕಿಗೆ ಹೆಸರು ಬರಸ್ಯಾನ. ನಾ ಮೈಯನ್ನ ಕೊಡಾಕ ಬಂದೇನಿ. ಹೆಸರು ಬ್ಯಾಡ, ತಲಿ ಎಣಿಸಿ ಹಾಕಾಕೂ ಆಗೂದಿಲ್ಲೇನು?”

ಅದು ತಮ್ಮ ಕೈಯಲ್ಲಿಲ್ಲ, ಮೇಲಿನವರು ಹಾಕಬೇಕು ಎಂದರು ಅವರು. ಮೇಲಿನವರು ಅಂದರೆ ಯಾರು, ದೇವರೇ? ಅಂತೂ ಬೇರೆ ದಾರಿಯಿಲ್ಲದೆ ಅತ್ತೆ ಸೇರಿದಳು.

ಅಲ್ಲಿಂದ ನನ್ನ ಗ್ರಹಚಾರ ಶುರು. ದಿನಾ ಚಹಾದ ಹೊತ್ತಿಗೆ, “ನಾ ಕಾಣಾಕತ್ತೇನೇನು ನೋಡಲೇ!” ಫಲಿತಾಂಶಕ್ಕೆ ಕಾದ ಅಭ್ಯರ್ಥಿಯೂ ಇಷ್ಟು ಪೀಡಿಸಿರಲಾರ. ಆ ಖಾಲಿ ಜಾಗ ತುಂಬಲೇ ಇಲ್ಲ. ಲೋಕವೆಲ್ಲ ಈಕೆಯನ್ನೇ ಹುಡುಕುತ್ತಾ ಕೂತಿದೆಯೇ ಎಂದು ನಾನು ಒಳಗೊಳಗೇ ನಗುತ್ತಿದ್ದೆ.

ಮೊನ್ನೆ ಆಸ್ಪತ್ರೆಯ ಪಡಸಾಲೆಯಲ್ಲಿ ದುಮ್ಮವಾಡದ ಹೆಂಗಸೊಬ್ಬಳು ಗಂಡನ ಮುಂದೆ ಕಣ್ಣೀರು ಹಾಕುತ್ತಿದ್ದಳು. ಆಕೆಗೂ ಅದೇ ಪ್ರಯೋಗ ಹೇಳಿದ್ದರು. “ಅದರಾಗ ಯಾರದಾರೋ ಏನೋ, ನಾ ಒಬ್ಬಾಕಿನ ಆದ್ರ? ಒಲ್ಲೆ” ಎನ್ನುತ್ತಿದ್ದಳು. ಅತ್ತೆ ಎದ್ದಳು. ಭಾಷಣ ಶುರುವಾಯಿತು ಅಂದುಕೊಂಡು ನಾನು ತಲೆ ತಗ್ಗಿಸಿದೆ.

ಅತ್ತೆ ಆಕೆಯ ಪಕ್ಕದಲ್ಲಿ ಕುಳಿತು, ಸೆರಗು ಸರಿಸಿ ಬೋಳು ತಲೆ ತೋರಿಸಿದಳು. “ಸೇರು ಅಂತ ಹೇಳಾಕ ಬಂದಿಲ್ಲ ತಂಗಿ, ಅದು ನಿನಗ ಬಿಟ್ಟದ್ದು. ಆದ್ರ ಒಳಗ ನಾ ಅದೇನಿ, ನೋಡು. ಸೇರೂಮುಂದ ನನಗ ಇಷ್ಟು ಹೇಳಾವ್ರು ಒಬ್ಬರೂ ಇದ್ದಿಲ್ಲ. ಬಾಳ ಅಂಜಿದ್ದೆ.”

ನಮ್ಮ ಅತ್ತೆಗೂ ಅಂಜಿಕೆಯಿತ್ತೆಂದು ಮನೆಯಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ತಗ್ಗಿಸಿದ್ದ ತಲೆಯೆತ್ತಿ ಆಕೆಯನ್ನೇ ನೋಡಿದೆ.

ಆ ಹೆಂಗಸು ಕಣ್ಣೊರೆಸಿಕೊಂಡು ಅತ್ತೆಯ ಕೈ ಹಿಡಿದಳು.

“ಅಕ್ಕಾರ, ಮುಂದಿನ ಸಲ ನೀವು ಯಾವತ್ತ ಬರ್ತೀರಿ?”