ಕಜೆಟನ್ ಮಾಮನ ಕೋಟು

ಬೆಳಗ್ಗೆ ಇಗರ್ಜಿಯ ಮರಣದ ಗಂಟೆ ಬಾರಿಸಿದಾಗ ಶಾಲೆಯ ಮಾಸ್ತರ ಲಿಯೋನೆಲ್ ಬಾವಿಕಟ್ಟೆಯಲ್ಲಿ ಮುಖ ತೊಳೆಯುತ್ತಿದ್ದ. ತೀರಿಕೊಂಡವರು ಕಜೆಟನ್ ಮಾಮ ಎಂದು ತಿಳಿದಾಗ ಅವನ ಎದೆ ಎರಡು ಸಲ ಧಸಕ್ಕೆಂದಿತು. ಮೊದಲನೆಯದು ಮಾಮನಿಗಾಗಿ, ತಂದೆಯಿಲ್ಲದ ಅವನನ್ನು ಸಾಕಿ ಬಿ.ಎ. ತನಕ ಓದಿಸಿದವರು ಅವರು. ಎರಡನೆಯದು ಮಾಮನ ಕೋಟಿಗಾಗಿ. ಆ ಎರಡನೆಯದಕ್ಕೆ ಅವನು ಕೂಡಲೇ ಶಿಲುಬೆಯ ಗುರುತು ಮಾಡಿಕೊಂಡ.

ಅವನು ಕೇಂಬ್ರಿಜ್‌ನ ಒಂದು ಕಾಲೇಜಿಗೆ ಅರ್ಜಿ ಬರೆದಿದ್ದ. ಅದು ಅಂದಿನ ಟಪಾಲಿಗೆ ಸೇರದಿದ್ದರೆ ಗಡುವಿನೊಳಗೆ ಸಮುದ್ರ ದಾಟುವಂತಿರಲಿಲ್ಲ. ಬಾಕಿ ಉಳಿದದ್ದು ಒಂದು ಫೋಟೋ. ಕೋಟಿಲ್ಲದವನ ಅರ್ಜಿಯನ್ನು ಇಂಗ್ಲಿಷರು ಬಿಡಿಸಿಯೂ ನೋಡುವುದಿಲ್ಲವೆಂದು ಕಾಪುವಿನಲ್ಲಿ ಊರಿಗೆ ಊರೇ ನಂಬಿತ್ತು. ಅವನಿಗೆ ಸಿಗುವ ಕೋಟೆಂದರೆ ಮಾಮನ ಮದುವೆಯದು. “ಹಾಕಿಕೊಂಡು ತಲೆ ಎತ್ತಿ ಕೂತುಕೋ. ಅವರ ಮುಂದೆ ಬಗ್ಗಬೇಡ,” ಎಂದು ಮಾಮ ಮೊನ್ನೆಯಷ್ಟೇ ಹೇಳಿದ್ದರು. ಆದರೆ ಮದುವೆಯ ಕೋಟಿನಲ್ಲೇ ಮಣ್ಣಿಗೆ ಹೋಗುವುದು ಅವರ ಜನರ ಪದ್ಧತಿ.

ಸಾವಿನ ಮನೆಯಲ್ಲಿ ಗುರ್ಕಾರ ಜೋಕಿಮರದೇ ಕಾರುಬಾರು. ಇಗರ್ಜಿಯ ಕಡೆಯಿಂದ ಕೇರಿಯ ಹಿರಿಯರಾದ ಅವರು ಮದುವೆಗೂ ಮರಣಕ್ಕೂ ಒಂದೇ ದನಿಯಲ್ಲಿ ಅಪ್ಪಣೆ ಕೊಡುವವರು. ಬೊಂಬಾಯಿಯಲ್ಲಿದ್ದ ಲಿಯೋನೆಲನ ಅಣ್ಣ ಎಡ್ಮಂಡನಿಗೆ ಆಗಲೇ ತಂತಿ ಹೊಡೆಸಿದ್ದರು: ‘ಮನೆಯಲ್ಲಿ ಮರಣ. ಫೋಟೋ ಬರುತ್ತದೆ.’ ಹೆಸರೇ ಇಲ್ಲವಲ್ಲ ಎಂದು ಯಾರೋ ಕೇಳಿದರು.

“ಫೋಟೋದಲ್ಲಿ ಮುಖ ಉಂಟಲ್ವಾ? ಹೆಸರು ಎಂತಕ್ಕೆ ಮಾರಾಯ?” ಎಂದರು ಜೋಕಿಮರು.

ಪರವೂರಿನ ನೆಂಟರಿಗಾಗಿ ಸತ್ತವರ ಫೋಟೋ ತೆಗೆಸುವುದು ಆಗಿನ ವಾಡಿಕೆ. ಉಡುಪಿಯಿಂದ ತಾರಾನಾಥ ಪೆಟ್ಟಿಗೆ ಕ್ಯಾಮೆರಾ ಹೊತ್ತು ಬಸ್ಸಿಳಿದ. ಲಿಯೋನೆಲ್ ಅದನ್ನು ನೋಡಿದ, ಮತ್ತೆ ಮಾಮನ ತಲೆದೆಸೆಯ ಮೇಣದಬತ್ತಿ ಸರಿಪಡಿಸತೊಡಗಿದ. ಅಪೊಲೋನಿಯಾ ಮಾಮಿಯೇ ಕಣ್ಣೊರಸಿಕೊಂಡು ಕೋಟು ತಂದು ಅವನ ಕೈಗಿಟ್ಟರು. ಹೆಣ ಕಾಯುತ್ತಿರುವಾಗ ಇವನಿಗೆ ಶೃಂಗಾರವೇ ಎಂದು ಜೋಕಿಮರು ಅಡ್ಡ ಬಂದರು.

“ಮಾತು ಕೊಟ್ಟವರು ಅವರು, ಗುರ್ಕಾರರೇ. ತಪ್ಪಿಸಲಿಕ್ಕೆ ನೀವು ಯಾರು?” ಎಂದರು ಮಾಮಿ. “ನನ್ನ ಗಂಡನಿಗೆ ಈಗ ಎಂತ ಅವಸರವೂ ಇಲ್ಲ.”

ಮಾಮ ನುಗ್ಗೆಕಾಯಿ, ಅಳಿಯ ಹಲಸಿನಕಾಯಿ. ಗುಂಡಿ ಹಾಕುವಷ್ಟರಲ್ಲಿ ಲಿಯೋನೆಲ್ ಬಿಗಿದು ಕಟ್ಟಿದ ಅಕ್ಕಿಮುಡಿಯಂತಾದ. ಹಿಂದೆ ಬಿಳಿ ಬಟ್ಟೆ ಕಟ್ಟಿದರು. ಪಕ್ಕದ ಮನೆಯ ವೆರೊನಿಕಾ ಬಾಯಿ ಎದೆಗೊಂದು ಹೂ ಚುಚ್ಚಿದರು. ಗದ್ದ ಮೇಲೆ ಎಂದು ಒಬ್ಬರು, ಕೆಳಗೆ ಎಂದು ಇನ್ನೊಬ್ಬರು. ತಾರಾನಾಥ ಒತ್ತಿದ ಕ್ಷಣಕ್ಕೆ ಸರಿಯಾಗಿ ಇಗರ್ಜಿಯ ಗಂಟೆ ಮತ್ತೆ ಮೊಳಗಿತು. ಲಿಯೋನೆಲ್ ಕಣ್ಣು ಮುಚ್ಚಿದ. ತಾರಾನಾಥ ತಂದ ಎರಡು ಗಾಜಿನ ಪ್ಲೇಟುಗಳಲ್ಲಿ ಉಳಿದದ್ದು ಮಾಮನಿಗೇ ಬೇಕಿತ್ತು.

“ತೊಂದರೆ ಇಲ್ಲ ಮಾಸ್ಟ್ರೇ,” ಎಂದ ತಾರಾನಾಥ. “ಸ್ಟುಡಿಯೋದಲ್ಲಿ ತಮ್ಮ ಜನಾರ್ದನ ಇದ್ದಾನೆ. ಬ್ರಶ್ಶಿನಲ್ಲಿ ಕಣ್ಣು ಬರೆದರೆ ಸತ್ತವರೂ ಎದ್ದು ಕೂತ ಹಾಗೆ ಕಾಣಬೇಕು.”

ಆಮೇಲೆ ಕೋಟು ಕಳಚಲಿಲ್ಲ. ಒಂದೊಂದು ತೋಳಿಗೆ ಒಬ್ಬೊಬ್ಬರು ಜೋತುಬಿದ್ದರು. ಅಂಗಳದ ತುದಿಯಲ್ಲಿ ಪಾದ್ರಿಗಳ ಶಿಲುಬೆ ಕಾಣಿಸಿತು. ಜೋಕಿಮರು ಕತ್ತರಿ ತರಿಸಿದರು.

“ಹೆಣಕ್ಕೆ ತೊಡಿಸುವಾಗ ಹೇಗೂ ಬೆನ್ನು ಸೀಳಬೇಕು. ಇವನ ಮೇಲೆಯೇ ಸೀಳುವ.”

ಮುಂದಿನಿಂದ ನೋಡಿದರೆ ಮಾಮ ಮದುಮಗನಂತೆ ಕಂಡರು. ಶವಪೆಟ್ಟಿಗೆಯ ತಲೆಯ ಭಾಗವನ್ನು ಎತ್ತಿ ಹಿಡಿದು ಎದೆಯವರೆಗಿನ ಫೋಟೋ ತೆಗೆದದ್ದೂ ಆಯಿತು. ತಾರಾನಾಥನಿಗೆ ಅಲ್ಲಿಂದಲೇ ಕಾರ್ಕಳದ ಮದುವೆಗೆ ಹೋಗಬೇಕಿದ್ದುದರಿಂದ ಪ್ಲೇಟುಗಳನ್ನೂ ವಿಳಾಸ ಬರೆದ ಎರಡು ಲಕೋಟೆಗಳನ್ನೂ, ಒಂದರೊಳಗೆ ಅರ್ಜಿ ಇಟ್ಟು, ಉಡುಪಿಯ ಬಸ್ಸಿನಲ್ಲಿ ತಮ್ಮನಿಗೆ ಕಳುಹಿಸುವುದೆಂದಾಯಿತು. ಪೆಟ್ಟಿಗೆಗೆ ಹೆಗಲು ಕೊಟ್ಟಿದ್ದ ಲಿಯೋನೆಲ್ ಅಲ್ಲಿಂದಲೇ ಹೇಳಿದ: “ಕಣ್ಣು ಬರೆದದ್ದು ಕೇಂಬ್ರಿಜ್‌ಗೆ. ಕಣ್ಣು ಮುಚ್ಚಿದ್ದು ಬೊಂಬಾಯಿಗೆ.” ತಾರಾನಾಥ ಅಷ್ಟನ್ನೇ ತಮ್ಮನಿಗೆ ಚೀಟಿಯಲ್ಲಿ ಬರೆದ.

ಸಂಜೆ ಕತ್ತಲ ಕೋಣೆಯಲ್ಲಿ ಜನಾರ್ದನ ಪ್ಲೇಟು ತೊಳೆದ. ಅವನು ಇಬ್ಬರನ್ನೂ ಕಂಡವನಲ್ಲ. ಒಂದೇ ಕೋಟು, ಇಬ್ಬರು ಗಂಡಸರು, ಇಬ್ಬರದೂ ಕಣ್ಣು ಮುಚ್ಚಿದೆ. ಒಬ್ಬನ ಮುಖ ಊದಿದೆ, ಎದೆಯ ಮೇಲೆ ಹೂ, ಹಿಂದೆ ಬಿಳಿ ಬಟ್ಟೆ. ಇನ್ನೊಬ್ಬರು ಶಾಂತವಾಗಿ ತಲೆ ಎತ್ತಿದ್ದಾರೆ, ಯಾರಿಗೂ ಬಗ್ಗುವವರಲ್ಲ. ಇಂಗ್ಲೆಂಡಿಗೆ ಹೋಗುವವರು ಯಾರೆಂದು ಕೇಳಬೇಕೇ? ಜನಾರ್ದನ ಶ್ರದ್ಧೆಯಿಂದ ಮಾಮನಿಗೆ ಕಣ್ಣು ಬರೆದು ಕೇಂಬ್ರಿಜ್‌ನ ಲಕೋಟೆಗೆ ಸೇರಿಸಿದ, ಇನ್ನೊಂದನ್ನು ಬೊಂಬಾಯಿಯದಕ್ಕೆ ಸೇರಿಸಿ ಎರಡನ್ನೂ ಅಂದು ರಾತ್ರಿಯ ಟಪಾಲಿಗೆ ಹಾಕಿದ.

ಬೊಂಬಾಯಿಯಿಂದ ಮೊದಲು ಉತ್ತರ ಬಂತು, ಪಾದ್ರಿಗಳ ಹೆಸರಿಗೆ: ಅಕಾಲ ಮರಣಕ್ಕೆ ತುತ್ತಾದ ತಮ್ಮ ಲಿಯೋನೆಲನ ಆತ್ಮಕ್ಕಾಗಿ ಪೂಜೆ ಅರ್ಪಿಸಬೇಕೆಂದು ಎಡ್ಮಂಡ್ ಹಣ ಕಳಿಸಿದ್ದ. ಕೇಂಬ್ರಿಜ್‌ನವರ ಉತ್ತರ ಆಮೇಲೆ ಬಂತು. ಈ ಇಳಿವಯಸ್ಸಿನಲ್ಲಿಯೂ ತಮಗಿರುವ ಜ್ಞಾನದಾಹಕ್ಕೆ ತಲೆಬಾಗುತ್ತೇವೆ. ಜನ್ಮದಿನಾಂಕ ಬರೆಯುವಾಗ ಕೈತಪ್ಪಿರಬೇಕು. ನಮ್ಮಲ್ಲಿ ಚಳಿ ಹೆಚ್ಚು, ಮೆಟ್ಟಿಲುಗಳೂ ಕಡಿದು. ತಮ್ಮ ಆರೋಗ್ಯವನ್ನು ಕಂಡು ವಿಷಾದದಿಂದ ನಿರಾಕರಿಸುತ್ತೇವೆ.

“ಇನ್ನು ಸುಮ್ಮನಿರು ಮಾರಾಯ,” ಎಂದರು ಜೋಕಿಮರು. “ಕೋಟು ಸಹ ಇಲ್ಲ.”

“ಬರುವ ವರ್ಷವೂ ಬರೆಯುತ್ತೇನೆ. ಅಂಗಿಯಲ್ಲೇ ಕೂರುತ್ತೇನೆ,” ಎಂದ ಲಿಯೋನೆಲ್. “ಕಣ್ಣು ಮಾತ್ರ ಮುಚ್ಚುವುದಿಲ್ಲ.”

ಬಂದ ಹಣವನ್ನು ಹಿಂದಿರುಗಿಸುವ ಬದಲು ಪಾದ್ರಿಗಳು ಅದೇ ಪೂಜೆಯನ್ನು ಮಾಮನ ಹೆಸರಿಗೆ ಅರ್ಪಿಸಿದರು. ಲಿಯೋನೆಲ್ ಮಾಮಿಯ ಪಕ್ಕದಲ್ಲಿ ಮೊಣಕಾಲೂರಿ, ಕಣ್ಣು ತೆರೆದೇ ಬೇಡಿಕೊಂಡ: ದೇವರೇ, ನಿನ್ನ ದಾಸ ಕಜೆಟನ್ ಮಾಮನಿಗೆ ನಿತ್ಯ ವಿಶ್ರಾಂತಿ ದಯಪಾಲಿಸು. ನಿತ್ಯ ಬೆಳಕು ಅವರ ಮೇಲೆ ಬೆಳಗಲಿ. ಅವರ ಬೆನ್ನಿನ ಕಡೆ ಕೋಟು ಹರಿದಿದೆ, ಅದು ನನ್ನಿಂದ ಆದದ್ದು. ಬಾಗಿಲಲ್ಲಿ ತಿರುಗಿ ನಿಲ್ಲಲು ಹೇಳದೆ ಒಳಗೆ ಕರೆದುಕೋ. ಆಮೆನ್.