ಮಗಳ ಟೆನಿಸ್ಸು, ಅಪ್ಪನ ಎದೆಬಡಿತ

ಮನೆಯಲ್ಲೊಬ್ಬಳು ಟೆನಿಸ್ಸನ್ನೇ ನೌಕರಿ ಮಾಡಿಕೊಂಡರೆ ನಗುವ ಪ್ರಸಂಗಗಳಿಗೇನು ಬರ? ಹುಬ್ಬಳ್ಳಿಯಿಂದ ರೈಲ್ವೆ ಕೆಲಸಕ್ಕೆಂದು ನಾಗಪುರಕ್ಕೆ ಬಂದವನು ನಾನು. ಆಡುವವಳು ಮಗಳು, ನಗೆಪಾಟಲಾಗುವವರು ನಾನು ಮತ್ತು ನನ್ನ ಹೆಂಡತಿ.

ಹಾಲು

ಸೋತ ಪಾಯಿಂಟನ್ನು ಅಲ್ಲೇ ಮರೆತು ಮುಂದಿನದಕ್ಕೆ ನಿಲ್ಲಬೇಕು ಅಂತ ಕೋಚ್ ಕಲಿಸಿದ್ದರು. ಮಗಳು ಅದನ್ನು ಭಾಳ ಚಲೋ ಕಲಿತಳು. ಒಂದು ದಿನ ಒಲೆಯ ಮೇಲಿನ ಹಾಲು ನೋಡು ಅಂದರೆ, ಅವಳ ಲಕ್ಷ್ಯ ತಪ್ಪಿ ಅದು ಉಕ್ಕಿ ಕಟ್ಟೆ ತುಂಬ ಹರಿಯಿತು. "ಅಯ್ಯ, ಏನ್ ಮಾಡಿದಿ!" ಅಂತ ಹೆಂಡತಿ ಚೀರಿದಳು.

"ಅವ್ವಾ, ಆ ಪಾಯಿಂಟ್ ಹೋತು. ಮುಂದಿನ ಪಾಕೀಟ್ ಒಡಿ," ಅಂದಳು ಮಗಳು.

ಮುಖ

"ಅಪ್ಪಾ, ಮ್ಯಾಚ್ ನೋಡೋವಾಗ ನೀ ಗಾಬರಿ ಆದ್ರ ನನ್ನ ಆಟ ಕೆಡ್ತದ. ಮುಖ ಒಂದ ಸಮ ಇಟ್ಕೋ."

ಆಯ್ತವ್ವ ಅಂತ ವಾರವಿಡೀ ಕನ್ನಡಿ ಮುಂದೆ ತಾಲೀಮು ಮಾಡಿದೆ. ಪಂದ್ಯದ ದಿನ ಎರಡು ತಾಸು ಅಲುಗಾಡದೆ ಕೂತೆ. ಪಕ್ಕದ ಮರಾಠಿ ಗೃಹಸ್ಥರು ಮೆಲ್ಲಗೆ ನನ್ನ ಹೆಂಡತಿಯನ್ನು ಕೇಳಿದರು, "ವಹಿನಿ, ಸಾಹೇಬರ ತಬಿಯತ್ ಬರೋಬರ್ ಇದೆಯಲ್ಲಾ?" ಹಿಂದೆ ಆಗಲೇ ಇಬ್ಬರು ನೀರಿನ ಬಾಟಲಿ ಹಿಡಿದು ನಿಂತಿದ್ದರು.

ಗೇಟಿನ ಹೊರಗೆ

ಮೊಣಕೈ ನೋವಿನಿಂದ ಒಂದು ವರ್ಷ ಮಗಳು ಸೋಲುತ್ತಲೇ ಇದ್ದಳು. "ಇವತ್ತೂ ಸೋತ್ರ ರಾಕೆಟ್ ಕಟ್ಟಿಡ್ತೀನಿ ಅಪ್ಪಾ," ಅಂತ ಒಂದು ದಿನ ಅಂಗಳಕ್ಕಿಳಿದಳು.

ಸಣ್ಣ ಟೂರ್ನಿಗಳಲ್ಲಿ ಗೆರೆ ನೋಡಲು ಯಾರೂ ಇರುವುದಿಲ್ಲ. ತಮ್ಮ ಕಡೆ ಬಿದ್ದ ಚೆಂಡು ಒಳಗೋ ಹೊರಗೋ ಅಂತ ಆಟಗಾರರೇ ಹೇಳಬೇಕು. ಇನ್ನೊಂದೇ ಪಾಯಿಂಟ್ ಸಿಕ್ಕರೆ ಮಗಳು ಗೆದ್ದಳು ಅನ್ನುವಾಗ ಎದುರಾಳಿ ಹೊಡೆದ ಚೆಂಡು ಮಗಳ ಕಡೆಯ ಗೆರೆ ಹತ್ತಿರ ಬಿತ್ತು. ನಾನು ಎದ್ದು "ಔಟ್!" ಅಂತ ಒದರಿದೆ. ಪಕ್ಕದಲ್ಲಿದ್ದ ಎದುರಾಳಿಯ ತಾಯಿ "ಇನ್!" ಅಂತ ನನಗಿಂತ ಜೋರಾಗಿ ಒದರಿದರು.

ಮಗಳು "ಅಂದರ್ ಥಾ", ಒಳಗೇ ಬಿತ್ತು, ಅಂತ ಪಾಯಿಂಟ್ ಬಿಟ್ಟುಕೊಟ್ಟಳು. ಖರೆ ಹೇಳ್ತೀನಿ, ಅವಳ ಜಾಗದಲ್ಲಿ ನಾನಿದ್ದರೆ ಕೊಡುತ್ತಿರಲಿಲ್ಲ. ಸಿಟ್ಟೂ ಬಂತು, ಹೆಮ್ಮೆಯೂ ಆಯಿತು.

ಟೂರ್ನಿಯ ಅಧಿಕಾರಿ ಬಂದು, ಒದರಿದ್ದಕ್ಕೆ ನನ್ನನ್ನೂ ಆ ತಾಯಿಯನ್ನೂ ಗೇಟಿನ ಹೊರಗೆ ಕಳಿಸಿದರು. ಅಲ್ಲಿಂದ ಏನೂ ಕಾಣದು. ಸ್ವಲ್ಪ ಹೊತ್ತಿಗೆ ಒಳಗೆ ಚಪ್ಪಾಳೆ. ಯಾರು ಗೆದ್ದರೋ ಗೊತ್ತಾಗದೆ, ನಾನು ಆ ತಾಯಿಗೆ, ಅವರು ನನಗೆ ಸಮಾಧಾನ ಹೇಳತೊಡಗಿದೆವು.

ಮಗಳು ಕಣ್ಣು ಒರೆಸಿಕೊಳ್ಳುತ್ತ ಹೊರಬಂದಳು. ನಾನು ಓಡಿಹೋಗಿ ಅವಳ ಬ್ಯಾಗು ತಗೊಂಡೆ. "ಇರ್ಲಿ ಬಿಡವ್ವ. ಸೋತ್ರ ಏನಾತು, ನೀ ಖರೆ ಹೇಳಿದ್ಯಲ್ಲಾ..."

"ಅಪ್ಪಾ, ನಾ ಗೆದ್ದೀನಿ!"

"ಮತ್ತ ಯಾಕ ಅಳಾಕತ್ತಿ?"

"ಎಲ್ಲಾರ ಮುಂದ ನಿನ್ನ ಹೊರಗ ಹಾಕಿದ್ರಲ್ಲಾ, ನಾಚ್ಕಿ ಆತು!"